ಬುಧವಾರ ಸಂಜೆ ಆರು ಹನ್ನೆರಡರ ಸಾಕ್ಷಿ

"ನಾವೇನೂ ಮಾಡಿಲ್ರಿ, ತಾನ ಬಂದ್ ಆತು."

ಕಂಪ್ಯೂಟರ್ ರಿಪೇರಿಗೆ ಹೋದಲ್ಲೆಲ್ಲ ಮೊದಲು ಕೇಳಿಬರುವ ಮಾತು ಇದು. ಕೀಬೋರ್ಡಿನ ಸಂದಿಯಿಂದ ಚಹಾ ತೊಟ್ಟಿಕ್ಕುತ್ತಿದ್ದರೂ ಇದೇ ಮಾತು. ಒಬ್ಬರಂತೂ ಫ್ಲಾಪಿ ಡ್ರೈವಿನೊಳಗೆ ಎರಡು ಫ್ಲಾಪಿ ತುರುಕಿ, ಮುಖ ಒಂದಿಷ್ಟೂ ಕದಲಿಸದೆ ಹೀಗೆಂದಿದ್ದರು. ಈ ಕಸುಬಿನಲ್ಲಿ ಏಳೆಂಟು ವರ್ಷ ಕಳೆದ ಮೇಲೆ ನಾನು ಮನುಷ್ಯರ ಮಾತು ನಂಬುವುದನ್ನು ಬಿಟ್ಟಿದ್ದೆ. ಯಾರು ಏನೇ ಹೇಳಲಿ, ಹೂಂ ಅಂದು ಮಷೀನಿನ ಮುಂದೆ ಕೂತು ಅದನ್ನೇ ವಿಚಾರಿಸುತ್ತಿದ್ದೆ. ಅದರೊಳಗೆ ಪ್ರತಿ ಕಡತಕ್ಕೂ ತಾರೀಖು ಇರುತ್ತದೆ, ವೇಳೆ ಇರುತ್ತದೆ. ಯಾರು ಯಾವಾಗ ಕೈ ಹಾಕಿದರು ಎಂಬುದು ಪೊಲೀಸರಿಗಿಂತ ಚೆನ್ನಾಗಿ ಗೊತ್ತಾಗುತ್ತದೆ ಎಂದು ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದೆ.

ಆ ಜಂಬ ಇಳಿದದ್ದು ಒಂದು ದಸರೆಯ ಬೆನ್ನಿಗೇ, ಧಾರವಾಡದಲ್ಲಿ.

ಅಲ್ಲಿ ಕಾಲೇಜುಗಳಿಗೆ ಹೋಗುವ ದಾರಿಯಲ್ಲಿ ಒಂದು ಡಿ.ಟಿ.ಪಿ. ಅಂಗಡಿಯಿತ್ತು. ನಿವೃತ್ತ ಹೈಸ್ಕೂಲ್ ಮಾಸ್ತರರೊಬ್ಬರು ಇಟ್ಟದ್ದು. ಪಿಎಚ್.ಡಿ. ಮಾಡುವವರ ಪ್ರಬಂಧಗಳನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದು, ಬೈಂಡ್ ಹಾಕಿಸಿ ಕೊಡುವುದು ಅವರ ಮುಖ್ಯ ಕೆಲಸ. ಎರಡು ಕಂಪ್ಯೂಟರ್ ಇದ್ದವು. ಮುಂದಿನದರಲ್ಲಿ ಮಾಸ್ತರರು ಪ್ರಿಂಟ್ ತೆಗೆಯುತ್ತಿದ್ದರು. ಒಳಗಿನ ಕೋಣೆಯದರಲ್ಲಿ ಉಪ್ಪಿನಬೆಟಗೇರಿಯಿಂದ ದಿನಾ ಬಸ್ಸಿಗೆ ಬರುವ ಒಬ್ಬ ಬಾಯಿ ಕನ್ನಡ ಟೈಪ್ ಮಾಡುತ್ತಿದ್ದರು. ಮೂವತ್ತೈದರ ಸುಮಾರಿನ ಹೆಣ್ಣುಮಗಳು, ನಮ್ಮ ಕಡೆ ಗೌರವಕ್ಕೆ ಬಾಯಿ ಎನ್ನುತ್ತೇವೆ; ಮಾತು ಕಡಿಮೆ. ಕೈಬರಹ ಎಷ್ಟೇ ಕಾಗೆ ಕಾಲು ಇರಲಿ, ಕಣ್ಣು ಹಾಳೆಯ ಮೇಲಿಟ್ಟು ಬೆರಳು ಓಡಿಸುತ್ತಿದ್ದರೆ ತಪ್ಪು ಹುಡುಕುವುದೇ ಕಷ್ಟ. ಅವರ ಕೈಯ ಅಕ್ಷರಕ್ಕಾಗಿ ಜನ ಸರದಿ ಹಚ್ಚುತ್ತಿದ್ದರು ಎಂದರೆ ಸುಳ್ಳಲ್ಲ.

ಆ ಎರಡೂ ಮಷೀನುಗಳಲ್ಲಿ ವಿಂಡೋಸ್ ತೊಂಬತ್ತೆಂಟು ಇತ್ತು. ಆಗಷ್ಟೇ ಪೆನ್ ಡ್ರೈವ್ ಬಂದಿತ್ತು. ವಿದ್ಯಾರ್ಥಿಗಳು ಅದನ್ನು ತಂದು ಚುಚ್ಚಿದರೆ ತೊಂಬತ್ತೆಂಟಕ್ಕೆ ಅದು ಏನೆಂದೇ ತಿಳಿಯುತ್ತಿರಲಿಲ್ಲ. ಅದಕ್ಕೆಂದು ಹಬ್ಬಕ್ಕೆ ಎರಡು ವಾರ ಮೊದಲು ನಾನು ಮುಂದಿನ ಮಷೀನಿಗೆ ಹೊಸ ವಿಂಡೋಸ್ ಎಕ್ಸ್‌ಪಿ ಹಾಕಿ ಕೊಟ್ಟಿದ್ದೆ. ಮಾಸ್ತರರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಾನು ಒತ್ತಿದ ಒಂದೊಂದು ಗುಂಡಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಸೀಡಿಯನ್ನು ಅವರ ಕೈಗೇ ಕೊಟ್ಟು, "ಒಳಗಿನ ಮಷೀನಿಗೆ ದಸರಾ ಮುಗದ ಮ್ಯಾಲೆ ನಾನ ಬಂದು ಹಾಕತೇನಿ, ಅಲ್ಲೀತನಾ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಬಂದಿದ್ದೆ.

ಗುರುವಾರ ಖಂಡೇನವಮಿ, ಅಂದರೆ ಆಯುಧಪೂಜೆ; ಶುಕ್ರವಾರ ದಸರಾ. ಶನಿವಾರ ಮುಂಜಾನೆ ಹುಬ್ಬಳ್ಳಿಯ ಬೆಂಗೇರಿಯಲ್ಲಿದ್ದ ನನ್ನ ಮನೆಗೆ ಫೋನ್ ಬಂತು.

"ಒಳಗಿನ ಮಷೀನ್ ಏಳವಲ್ದು. ಲಗೂನ ಬರ್ರಿ" ಎಂದರು ಮಾಸ್ತರರು. ಆಮೇಲೆ ದನಿ ತಗ್ಗಿಸಿ, "ಬಂದ ಮ್ಯಾಲೆ ಒಂದ್ ಮಾತು ಹೇಳೋದದ" ಎಂದರು.

ಹನ್ನೊಂದಕ್ಕೆ ಹೋಗಿ ಮುಟ್ಟಿದೆ. ಮಾಸ್ತರರು ನನ್ನನ್ನು ಒಳಗೆ ಬಿಡುವ ಮೊದಲು ಹೊರಗೆ ಕಟ್ಟೆಯ ಮೇಲೆ ಕೂರಿಸಿಕೊಂಡರು. ರಸ್ತೆಯ ಆಚೆ ಹೊಸದಾಗಿ ಇನ್ನೊಂದು ಡಿ.ಟಿ.ಪಿ. ಸೆಂಟರ್ ತೆರೆದಿತ್ತು. ಅದರ ಕಡೆ ಗದ್ದ ತೋರಿಸಿದರು.

"ಹಬ್ಬದ ಮೊದಲ ನಮ್ಮ ಬಾಯಿ ಅಲ್ಲೆ ನಿಂತು ಚಾ ಕುಡ್ಯಾಕತ್ತಿದ್ಲು. ನಾ ಕಣ್ಣಾರೆ ನೋಡೇನಿ. ಈಗ ನೋಡಿದ್ರ ಮಷೀನ್ ಹಿಂಗ. ಅದರಾಗ ಒಂದು ಥೀಸಿಸ್ ಅದ, ನಾಲ್ಕನೂರು ಪಾನು. ಎಂಟ್ ದಿನದಾಗ ಆ ಹುಡುಗಿ ಅದನ್ನ ಯುನಿವರ್ಸಿಟಿಗೆ ಕೊಡಬೇಕು. ಯಾರು ಮಾಡ್ಯಾರ ಅಂತ ನೀವು ಹುಡುಕಿ ಹೇಳ್ರಿ. ಅಕೀನ ಅಂತಾದ್ರ, ಈವತ್ತಿಗೇ ಅಕಿ ಕೆಲಸ ಮುಗೀತು."

"ಯಾರರ ಸೀಡಿ ಹಾಕಿದ್ರೇನ್ರಿ?" ಎಂದೆ.

"ನಾ ಏನೂ ಮಾಡಿಲ್ಲಪ್ಪಾ" ಎಂದರು. ಅದೇ ಮಾತು.

ಒಳಗೆ ಹೋದೆ. ಮಾನಿಟರಿನ ಹಣೆಗೆ ವಿಭೂತಿ, ಕುಂಕುಮ. ಮೇಲೆ ಬಾಡಿದ ಚೆಂಡು ಹೂವಿನ ಸರ. ಸಿಪಿಯು ಡಬ್ಬಿಯ ನಾಲ್ಕೂ ಮೂಲೆಗೆ ಅರಿಷಿಣ. ಆ ವಾರ ಹುಬ್ಬಳ್ಳಿ-ಧಾರವಾಡದಲ್ಲಿ ಯಾವ ಯಂತ್ರ ನೋಡಿದರೂ ಹೀಗೇ, ರಿಕ್ಷಾದಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ. ಹಾಗಾಗಿ ಅದನ್ನು ನಾನು ಕಂಡೂ ಕಾಣಲಿಲ್ಲ. ಟೈಪಿಸ್ಟ್ ಬಾಯಿ ಮೂಲೆಯ ಸ್ಟೂಲಿನ ಮೇಲೆ ಕೈಬರಹದ ಹಾಳೆಗಳ ಕಟ್ಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನಗೆ ನಮಸ್ಕಾರ ಮಾಡಿದರು. ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತಲ್ಲ.

ಮಷೀನ್ ಚಾಲೂ ಮಾಡಿದೆ. ಕರಿ ಪರದೆಯ ಮೇಲೆ ಒಂದು ಕಡತ ಇಲ್ಲ ಅಥವಾ ಕೆಟ್ಟಿದೆ ಎಂಬ ಎರಡು ಸಾಲು ಬಂದು ಅಲ್ಲಿಗೇ ನಿಂತಿತು. ಆ ಸಾಲುಗಳು ತೊಂಬತ್ತೆಂಟರವಲ್ಲ, ಎಕ್ಸ್‌ಪಿಯವು. ಅಂದರೆ ಯಾರೋ ಅಪ್‌ಗ್ರೇಡ್ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದರು. ಹಳೆಯ ವಿಂಡೋಸ್ ಹೋಗಿತ್ತು, ಹೊಸದು ಬಂದಿರಲಿಲ್ಲ. ನಾನು ಮುಟ್ಟಬೇಡಿ ಎಂದಿದ್ದನ್ನೇ ಯಾರೋ ಮುಟ್ಟಿದ್ದರು. ಅಲ್ಲಿಂದಲೇ ನನ್ನ ತಲೆ ಕಾಯತೊಡಗಿತು.

ಮಾಸ್ತರರ ಡ್ರಾವರಿನಿಂದ ಅದೇ ಸೀಡಿ ತೆಗೆಸಿಕೊಂಡೆ. ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ ಬಯೋಸ್‌ಗೆ ಹೋಗಿ ಮೊದಲು ಸೀಡಿ ಓದುವಂತೆ ಬದಲಿಸಿ, ಅರ್ಧಕ್ಕೆ ನಿಂತದ್ದನ್ನು ಮುಂದುವರಿಸಲು ನೋಡಿದೆ. ನೀಲಿ ಪರದೆ ಬಂತು, ಹಳದಿ ಪಟ್ಟಿ ಸರಿಯತೊಡಗಿತು. ಶೇಕಡಾ ಮೂವತ್ತೇಳಕ್ಕೆ ಬಂದು ನಿಂತಿತು. ಇಂಥ ಕಡತ ಓದಲಾಗುತ್ತಿಲ್ಲ, ಮತ್ತೆ ಯತ್ನಿಸುತ್ತೀರಾ ಎಂದಿತು. ಎಂಟರ್ ಒತ್ತಿದೆ. ಮತ್ತೆ ಅದೇ. ಮೆಮೊರಿ ಕೆಟ್ಟಿರಬಹುದೆಂದು ಅದನ್ನು ಕಿತ್ತು, ರಬ್ಬರಿನಿಂದ ಉಜ್ಜಿ ಕೂರಿಸಿದೆ. ಮೂವತ್ತೇಳಕ್ಕೇ ನಿಂತಿತು. ಕೇಬಲ್ ಬದಲಿಸಿದೆ. ಮೂವತ್ತೇಳು. ಒಂದೂವರೆ ತಾಸು ಆ ಮೂವತ್ತೇಳರ ಜೊತೆ ಗುದ್ದಾಡಿದೆ.

"ಇದರ ಹಾರ್ಡ್ ಡಿಸ್ಕ್ ಬಿಚ್ಚಿ ಮುಂದಿನ ಮಷೀನಿಗೆ ಹಚ್ಚಿ ನೋಡ್ತೇನಿ. ಮೊದಲ ಥೀಸಿಸ್ ಹೊರಗ ತಗೀಬಹುದು" ಎಂದೆ.

ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು. "ಇದಕ್ಕೇನ್ ಆಗೇದೋ ಅದು ಅದಕ್ಕೂ ಹತ್ತಿದ್ರ? ಇರೂದು ಅದೊಂದ. ಅದನ್ನ ಮುಟ್ಟಗೊಡೂದಿಲ್ಲ."

ಹಟ ಹಿಡಿದು ಒಪ್ಪಿಸಬಹುದಿತ್ತು. ಆದರೆ ಒಳಗೊಳಗೆ ನನಗೂ ಅದೇ ಬೇಕಿತ್ತು. ಡಿಸ್ಕ್ ಬಿಚ್ಚಿ ಕಡತ ಬಾಚಿಕೊಳ್ಳುವುದು ಯಾರಾದರೂ ಮಾಡುವ ಕೆಲಸ. ಯಾರು ಮಾಡಿದರು ಎಂದು ಹಿಡಿಯುವುದರಲ್ಲಿ ನನಗೆ ಹೆಚ್ಚು ರುಚಿ.

ಬ್ಯಾಗಿನಿಂದ ಡಾಸ್ ಫ್ಲಾಪಿ ತೆಗೆದು ಹಾಕಿ ಮಷೀನ್ ಎಬ್ಬಿಸಿದೆ. ಡಿಸ್ಕ್ ಕಂಡಿತು. ಒಳಗಿನ ಪಟ್ಟಿ ತೆಗೆಸಿದೆ. ಅಪ್‌ಗ್ರೇಡ್ ಶುರುವಾದ ಕೂಡಲೇ ಅದು ತನಗಾಗಿ ಒಂದು ತಾತ್ಕಾಲಿಕ ಫೋಲ್ಡರ್ ಮಾಡಿಕೊಳ್ಳುತ್ತದೆ. ಆ ಫೋಲ್ಡರ್ ಅಲ್ಲೇ ಇತ್ತು. ಅದರ ಮುಂದೆ ಅದು ಹುಟ್ಟಿದ ತಾರೀಖು, ವೇಳೆ. ಗೋಡೆಯ ಕ್ಯಾಲೆಂಡರ್ ನೋಡಿದೆ. ಬುಧವಾರ. ಸಂಜೆ ಆರು ಹನ್ನೆರಡು.

"ಸರ್, ಬುಧವಾರ ಸಂಜೀಮುಂದ ಆರೂ ಹನ್ನೆರಡಕ್ಕ ಅಂಗಡ್ಯಾಗ ಯಾರಿದ್ರಿ?"

ಮಾಸ್ತರರ ಮುಖದಲ್ಲಿ ಏನೋ ಹಗುರಾಯಿತು. ಅದು ಆಗಲೇ ನನಗೆ ಕಂಡಿತು, ಆದರೆ ಅರ್ಥ ಹಚ್ಚಿಕೊಂಡದ್ದು ತಪ್ಪು. "ನಾ ನಾಲ್ಕಕ್ಕ ಹೂವು, ಕಬ್ಬು ತರಾಕ ಸಂತಿಗೆ ಹೋದೆ. ಅಕಿ ಒಬ್ಬಾಕಿನ ಇದ್ಲು. ಬಾಗಲಾ ಹಾಕಿದಾಕಿನೂ ಅಕಿನ" ಎಂದರು.

ಬಾಯಿ ಸ್ಟೂಲಿನಿಂದ ಎದ್ದು ನಿಂತರು. "ನಾ ಆರಕ್ಕ ಮಷೀನ್ ಬಂದ್ ಮಾಡಿ, ಮೇನ್ ಸ್ವಿಚ್ ತಗದು, ಕೀಲಿ ಹಾಕೇನ್ರಿ. ಆರೂ ಕಾಲಿನ ಬಸ್ಸಿಗೆ ಊರಿಗೆ ಹೋಗೇನಿ. ಸೀಡಿ ನಾ ಕಣ್ಣಲೇ ಕಂಡಿಲ್ರಿ, ಸರ್ ಅದನ್ನ ಡ್ರಾವರಿನ್ಯಾಗ ಇಟ್ಟಾರ."

"ಡ್ರಾವರಿಗೆ ಕೀಲಿ ಇಲ್ಲಲ್ಲ" ಎಂದೆ.

"ಇಲ್ರಿ. ಆದ್ರ ನಾ ತಗದಿಲ್ರಿ."

ಆಗ ನಾನು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ನೋಡ್ರಿ ಬಾಯಾರ, ಮನುಷ್ಯಾರು ಏನರ ಹೇಳಬಹುದು. ಮಷೀನ್ ಸುಳ್ಳು ಹೇಳೂದಿಲ್ಲ."

ಅವರು ಅಳಲಿಲ್ಲ, ಕೂಗಾಡಲೂ ಇಲ್ಲ. ಅತ್ತಿದ್ದರೆ ನನಗೂ ಒಂದಿಷ್ಟು ಅನುಮಾನ ಬರುತ್ತಿತ್ತೇನೋ, ಅಳದಿದ್ದುದನ್ನೂ ನಾನು ತಪ್ಪಿತಸ್ಥರ ಗಟ್ಟಿತನವೆಂದೇ ಎಣಿಸಿದೆ. ಸೊಂಟದಿಂದ ಅಂಗಡಿಯ ಕೀಲಿ ತೆಗೆದು ಟೇಬಲ್ಲಿನ ಮೇಲಿಟ್ಟರು. ಹಾಳೆಗಳ ಕಟ್ಟನ್ನು ಮಾಸ್ತರರ ಕೈಗೆ ಕೊಟ್ಟು, "ಐದನೇ ಅಧ್ಯಾಯ ಹನ್ನೆರಡು ಪಾನು ಉಳದೈತ್ರಿ. ಆ ಹುಡುಗಿಗೆ ಹೇಳ್ರಿ" ಎಂದರು. ಡಬ್ಬಿಯ ಚೀಲ ಹೆಗಲಿಗೇರಿಸಿ ಹೋಗಿಬಿಟ್ಟರು.

ಮಾಸ್ತರರು ನನ್ನ ಭುಜ ತಟ್ಟಿದರು. ನನಗೆ ಖುಷಿಯಾಯಿತು, ಮುಚ್ಚಿಡುವುದೇನು. ಸಂಜೆ ಐದೂವರೆಯವರೆಗೆ ಮತ್ತೆ ಆ ಮೂವತ್ತೇಳರ ಜೊತೆ ಹೆಣಗಿ, ನಾಳೆ ಬೇರೆ ಸೀಡಿ ಡ್ರೈವ್ ತರುತ್ತೇನೆಂದು ಹೇಳಿ, ಮೇನ್ ಸ್ವಿಚ್ ಬಂದ್ ಮಾಡಿ ಹುಬ್ಬಳ್ಳಿಯ ಬಸ್ ಹತ್ತಿದೆ. ದಾರಿಯುದ್ದಕ್ಕೂ ಆರು ಹನ್ನೆರಡನ್ನು ಹೇಗೆ ಹಿಡಿದೆ ಎಂದು ಮನಸ್ಸಿನಲ್ಲೇ ಮೆಲುಕು ಹಾಕುತ್ತ ಕೂತಿದ್ದೆ.

ಭಾನುವಾರ ಹತ್ತಕ್ಕೆ ಮತ್ತೆ ಹೋದೆ. ಮೇನ್ ಹಾಕಿ, ಹೊಸ ಡ್ರೈವ್ ಕೂರಿಸಿ, ಅದು ಕಾಣುತ್ತದೋ ಇಲ್ಲವೋ ನೋಡಲು ಬಯೋಸ್ ತೆರೆದೆ. ಆ ಮೊದಲ ಪರದೆಯನ್ನು ಶನಿವಾರವೂ ನಾಲ್ಕು ಸಲ ತೆರೆದಿದ್ದೆ. ಬೇಕಾದ ಸಾಲಿಗೆ ಹಾರುವ ಆತುರದಲ್ಲಿ ಮೇಲಿನ ಸಾಲು ಓದಿರಲಿಲ್ಲ. ಅಂದು ಓದಿದೆ.

ಗುರುವಾರ, ರಾತ್ರಿ ಹನ್ನೆರಡು ಐವತ್ತೈದು ಎಂದಿತ್ತು.

ನನ್ನ ಕೈಗಡಿಯಾರದಲ್ಲಿ ಭಾನುವಾರ ಮುಂಜಾನೆ ಹತ್ತೂ ಐದು. ಎರಡನ್ನೂ ಮತ್ತೊಮ್ಮೆ ನೋಡಿದೆ.

ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂಥ ಒಂದು ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡಿಸುವುದು ಅದರ ಕೆಲಸ. ಅದು ಸಾಯಲು ಬಂದಾಗ ಒಂದೊಂದು ಮಷೀನಿನಲ್ಲಿ ಮೇನ್ ತೆಗೆದ ಕೂಡಲೇ ಗಡಿಯಾರ ಇದ್ದಲ್ಲೇ ನಿಂತುಬಿಡುತ್ತದೆ, ಮತ್ತೆ ಮೇನ್ ಹಾಕಿದಾಗ ಅಲ್ಲಿಂದಲೇ ಹೊರಡುತ್ತದೆ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಬುಧವಾರ ಸಂಜೆ ಆರಕ್ಕೆ ಬಾಯಿ ಮೇನ್ ತೆಗೆದರು. ಗಡಿಯಾರ ಆರಕ್ಕೆ ನಿಂತಿತು. ಮುಂದೆ ಮೇನ್ ಹಾಕಿದವರು ಯಾರೇ ಇರಲಿ, ಯಾವಾಗಲೇ ಇರಲಿ, ಮಷೀನಿನ ಪಾಲಿಗೆ ಅದು ಬುಧವಾರ ಸಂಜೆ ಆರು ಗಂಟೆಯೇ. ಅದಾಗಿ ಹನ್ನೆರಡು ನಿಮಿಷಕ್ಕೆ ಅಪ್‌ಗ್ರೇಡ್ ಶುರುವಾಗಿದೆ. ಬಾಯಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಹೇಳಿದಂತೆ ಆರಕ್ಕೆ ಮೇನ್ ತೆಗೆದದ್ದಕ್ಕೇ ಆ ಆರು ಹನ್ನೆರಡು ಹುಟ್ಟಿತ್ತು.

ಸೀಡಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಹೊಳೆಯುವ ಬದಿಯಲ್ಲಿ ತೆಳ್ಳಗೆ, ಒರೆಸಿಯೂ ಉಳಿದ ಒಂದು ಹೆಬ್ಬೆರಳಿನ ಕಲೆ. ಕೆಂಪಗೆ. ಹಳೆಯ ಡ್ರೈವ್ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಒಳಗಿನ ಲೆನ್ಸ್ ಒರೆಸಿದೆ. ಹತ್ತಿ ಕುಂಕುಮದ ಬಣ್ಣಕ್ಕೆ ತಿರುಗಿತು. ನನ್ನ ಮೂವತ್ತೇಳರ ಗುಟ್ಟು ಇದಾಗಿತ್ತು.

ಹತ್ತಿಯನ್ನು ಹಿಡಿದುಕೊಂಡೇ ಮುಂದಿನ ಕೋಣೆಗೆ ಹೋದೆ. "ಸರ್, ಖಂಡೇನವಮಿ ದಿನ ಅಂಗಡಿಗೆ ಬಂದು ಏನೇನ್ ಮಾಡಿದ್ರಿ? ಒಂದೂ ಬಿಡದ ಹೇಳ್ರಿ."

"ಪೂಜಿ ಮಾಡಿದೆ. ಮತ್ತೇನ್ ಮಾಡ್ತಾರು?"

"ಸೀಡಿಗೂ ಮಾಡಿದ್ರೇನು?"

"ಅದೂ ಹತ್ಯಾರನ ಅಲ್ಲೇನು? ಮಾಡಿದೆ. ಬರದದ್ದು ಇರೂ ಬಾಜು ಸರಸ್ವತಿ, ಅದರ ಮ್ಯಾಲೆ ಹಚ್ಚಬಾರದು ಅಂತ ಹಿಂದಿನ ಬಾಜು ಕುಂಕುಮ ಹಚ್ಚಿದೆ. ಆಮ್ಯಾಲೆ ಧೋತ್ರದ ಸೆರಗಲೆ ಛಲೋತ್ನಾಗಿ ಒರಸೇನಿ."

"ಒರಸಿ?"

ಧೋತ್ರದ ಸೆರಗು ಸರಿಪಡಿಸಿಕೊಳ್ಳುತ್ತ, "ಮುಹೂರ್ತ ಮಾಡಿದೆ" ಎಂದರು.

ಹೊಸ ಗಾಡಿ ತಂದವರು ಪೂಜೆ ಮಾಡಿ ನಿಂಬೆಹಣ್ಣಿನ ಮೇಲೆ ಒಂದು ಮಾರು ಹಾಯಿಸಿ ನಿಲ್ಲಿಸುತ್ತಾರಲ್ಲ, ಮಾಸ್ತರರು ಮಾಡಿದ್ದು ಅದನ್ನೇ. ದಸರಾ ಆದ ಮೇಲೆ ಹೊಸ ವಿಂಡೋಸ್ ಬರುವುದಿತ್ತು. ಒಳ್ಳೆಯ ದಿನ, ಒಳ್ಳೆಯ ಗಳಿಗೆ ಬಿಡುವುದೇಕೆ ಎಂದು ಶಾಸ್ತ್ರಕ್ಕೆ ಅದನ್ನು ಶುರು ಮಾಡಿದ್ದರು. ನೋಟ್‌ಬುಕ್ ನೋಡಿಕೊಂಡು ಒಂದೊಂದೇ ಗುಂಡಿ ಒತ್ತಿದ್ದರು. ಕವರಿನ ಮೇಲಿನ ಇಪ್ಪತ್ತೈದು ಅಕ್ಷರದ ಕೀಲಿಯನ್ನೂ ತಪ್ಪಿಲ್ಲದೆ ಹೊಡೆದಿದ್ದರು. ನೀಲಿ ಪರದೆ ಬಂದಿತ್ತು, ಪಟ್ಟಿ ಒಂದಿಷ್ಟು ಸರಿದು ನಿಂತಿತ್ತು. ಶಾಸ್ತ್ರವಾಯಿತು, ಮುಂದಿನದು ಇಂಜಿನಿಯರ್ ನೋಡಿಕೊಳ್ಳುತ್ತಾನೆ ಎಂದು ಕಾಯಿ ಒಡೆದು, ಮೇನ್ ತೆಗೆದು ಹೋಳಿಗೆ ಊಟಕ್ಕೆ ಹೋಗಿದ್ದರು.

"ನಿನ್ನಿ ನಾ ಕೇಳಿದಾಗ ಏನೂ ಮಾಡಿಲ್ಲ ಅಂದ್ರೆಲ್ಲಾ!"

"ಮುಹೂರ್ತ ಮಾಡೂದು ಅಂದ್ರ ಕೆಲಸ ಮಾಡಿದಂಗೇನು?" ಎಂದರು ಮೊದಲು. ಆಮೇಲೆ ಕನ್ನಡಕ ತೆಗೆದು ಟೇಬಲ್ಲಿಗಿಟ್ಟರು. "ಖರೇ ಹೇಳ್ತೇನಿ ತಮ್ಮಾ. ಶನಿವಾರ ಮಷೀನ್ ಏಳಲಿಲ್ಲ ಅಂದಾಗ ಎದಿ ಧಸಕ್ ಅಂತು, ನನ್ನ ಕೈಲೇ ಆತೇನೋ ಅಂತ. ಅಷ್ಟರಾಗ ನೀವು ಬುಧವಾರ ಅಂದ್ರಿ. ನಾ ಮಾಡಿದ್ದು ಗುರುವಾರ. ಅಂದ್ರ ನನಗಿಂತ ಮೊದಲ ಅಕಿ ಕೆಡಿಸ್ಯಾಳ ಅಂತಾತು. ನೀವು ಹೇಳಿದ್ದನ್ನ ನಾ ಹಿಡಕೊಂಡೆ."

ನಾನು ಕೂತುಬಿಟ್ಟೆ. ಅವರನ್ನು ಬೈಯಲೆಂದೇ ಹೋಗಿದ್ದೆ. ಅವರು ಅನುಮಾನಪಟ್ಟದ್ದು ನಿಜ. ಆದರೆ ಆ ಅನುಮಾನಕ್ಕೆ ತಾರೀಖು, ವೇಳೆ, ಠಸ್ಸೆ ಎಲ್ಲ ಒತ್ತಿಕೊಟ್ಟವನು ನಾನು.

ಆಮೇಲಿನ ಕೆಲಸ ಬೇಗ ಮುಗಿಯಿತು. ಈ ಸಲ ಮಾಸ್ತರರನ್ನು ಕೇಳಲಿಲ್ಲ. ಒಳಗಿನ ಮಷೀನಿನ ಡಿಸ್ಕ್ ಬಿಚ್ಚಿ, ಅದರ ಹಿಂದಿನ ಪುಟ್ಟ ಜಂಪರ್ ಬದಲಿಸಿ, ಮುಂದಿನ ಮಷೀನಿಗೆ ಎರಡನೇ ಡಿಸ್ಕಾಗಿ ಹಚ್ಚಿದೆ. ಅವರು ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದು ಕೂತಿದ್ದರು. ಡಿಸ್ಕ್ ತೆರೆಯಿತು. ಥೀಸಿಸ್ ಇತ್ತು, ಐದೂ ಅಧ್ಯಾಯ. ಒಂದೊಂದಕ್ಕೂ ತಾರೀಖಿನ ಪ್ರಕಾರ ಬೇರೆ ಬೇರೆ ಪ್ರತಿ, ಹಳೆಯವು ಒಂದು ಕಡೆ, ತಿದ್ದಿದವು ಇನ್ನೊಂದು ಕಡೆ. ನಾನು ಎಷ್ಟೋ ಆಫೀಸುಗಳ ಡಿಸ್ಕ್ ನೋಡಿದ್ದೇನೆ, ಅಷ್ಟು ಓರಣವಾಗಿ ಇಟ್ಟದ್ದನ್ನು ಕಂಡಿರಲಿಲ್ಲ. ಕೆಡಿಸುವ ಮನಸ್ಸಿದ್ದವರು ಹೀಗೆ ಜೋಡಿಸಿಡುವುದಿಲ್ಲ. ಅದನ್ನೂ ಶನಿವಾರವೇ ನೋಡಬಹುದಿತ್ತು.

ಪಟ್ಟಿಯ ಕೊನೆಯಲ್ಲಿ 'ಸ್ವಂತ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟ ಒಂದು ಫೋಲ್ಡರಿತ್ತು. ಅದರೊಳಗೆ ಒಂದೇ ಕಡತ.

ಮಾಸ್ತರರು ಮುಂದಕ್ಕೆ ಬಾಗಿದರು. "ಅದನ್ನ ತಗೀರಿ. ಎದುರಿನ ಸೆಂಟರಿಗೆ ಬರದ ಅರ್ಜಿ ಇರತದ ನೋಡ್ರಿ ಬೇಕಾದ್ರ."

ಸುಳ್ಳೇಕೆ, ನನ್ನ ಬೆರಳು ಆಗಲೇ ಮೌಸಿನ ಮೇಲಿತ್ತು. ಎರಡು ಸಲ ಒತ್ತಿದರೆ ಮುಗಿಯಿತು. ಅರ್ಜಿಯಿದ್ದರೆ ನಾನು ಮಾಡಿದ್ದು ಪೂರ್ತಿ ತಪ್ಪಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ಆಸೆ ನನ್ನೊಳಗೆ ಎಷ್ಟು ಜೋರಾಗಿತ್ತೆಂದರೆ ಅದನ್ನು ಕಂಡು ನನಗೇ ಅಸಹ್ಯವಾಯಿತು.

"ಇದು ಅವರದು" ಎಂದು ತೆರೆಯದೆ, ಉಳಿದವುಗಳ ಜೊತೆಗೇ ನಕಲು ಮಾಡಿದೆ.

ಒಳಗಿನ ಮಷೀನಿಗೆ ಎಕ್ಸ್‌ಪಿ ಹಾಕುವ ವಿಚಾರವನ್ನೇ ಬಿಟ್ಟೆ. ಅವರ ಕನ್ನಡ ಟೈಪಿಂಗ್ ತಂತ್ರಾಂಶಕ್ಕೆ ಪ್ರಿಂಟರ್ ಕಿಂಡಿಗೆ ಚುಚ್ಚುವ ಡಾಂಗಲ್ ಎಂಬ ಒಂದು ಬೀಗದಂಥ ತುಂಡು ಇತ್ತು. ಅದಿಲ್ಲದೆ ಅದು ಕನ್ನಡ ಮೂಡಿಸುತ್ತಿರಲಿಲ್ಲ. ಅವರಲ್ಲಿದ್ದ ಆ ಹಳೆಯ ಡಾಂಗಲ್ ಎಕ್ಸ್‌ಪಿಯಲ್ಲಿ ನಡೆಯುವುದೋ ಇಲ್ಲವೋ ಎಂದು ನಾನು ಮೊದಲೇ ವಿಚಾರಿಸಿರಲಿಲ್ಲ. ಮುಂದಿನ ಮಷೀನಿನಲ್ಲಿ ಚುಚ್ಚಿ ನೋಡಿದೆ, ನಡೆಯಲಿಲ್ಲ. ಮುಹೂರ್ತ ಸರಿಯಾಗಿ ಮುಗಿದು ಅಪ್‌ಗ್ರೇಡ್ ಆಗಿದ್ದರೂ ಬಾಯಿಯ ಕೆಲಸ ನಿಂತೇ ಹೋಗುತ್ತಿತ್ತು, ಆಗ ತಪ್ಪು ಪೂರ್ತಿ ನನ್ನದಾಗುತ್ತಿತ್ತು. ಮೊದಲು ಹೊಸ ಸೆಲ್ ಕೂರಿಸಿ ಗಡಿಯಾರ ಸರಿ ಮಾಡಿದೆ. ಹೊಸ ಸೆಲ್ ಕೂರಿಸಿ ಗಡಿಯಾರ ಸರಿ ಮಾಡಿದೆ. ಮಧ್ಯಾಹ್ನ ಎರಡಾಗಿತ್ತು.

"ನಡೀರಿ ಸರ್, ಉಪ್ಪಿನಬೆಟಗೇರಿಗೆ" ಎಂದೆ.

ಮಾಸ್ತರರು ವಾದಿಸಲಿಲ್ಲ. ಮನೆಗೆ ಹೋಗಿ, ಕರವಸ್ತ್ರದಲ್ಲಿ ಒಂದಿಷ್ಟು ಬನ್ನಿ ಎಲೆ ಕಟ್ಟಿಕೊಂಡು ಬಂದರು. ನನಗೂ ಒಂದು ಚಿಟಿಕೆ ಕೊಟ್ಟರು. ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿದರೆ ವರ್ಷದ ಮುನಿಸು ಹೋಯಿತೆಂದು ಲೆಕ್ಕ. ಎರಡು ದಿನ ತಡವಾದರೂ ನಡೆಯುತ್ತದೆ. ಎಲೆಗಳನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ಬಾಯಿ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಶೇಂಗಾ ಹಸನು ಮಾಡುತ್ತಿದ್ದರು. ನಮ್ಮನ್ನು ಕಂಡು ಎದ್ದು ಚಾಪೆ ಹಾಸಿದರು, ನೀರು ಕೊಟ್ಟರು. ಮಾಸ್ತರರು ನಿಂತೇ ಇದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ, ಕುಂಕುಮದಿಂದ ಹಿಡಿದು ಮುಹೂರ್ತದವರೆಗೆ ಒಂದನ್ನೂ ಬಿಡದೆ ಹೇಳಿದರು. "ತಪ್ಪು ನಂದು ತಂಗಿ" ಎಂದು ಬನ್ನಿ ಹಿಡಿದರು. ಬಾಯಿ ತೆಗೆದುಕೊಂಡು ಮಾಸ್ತರರ ಕಾಲು ಮುಟ್ಟಿ ನಮಸ್ಕರಿಸಿದರು.

ಗಡಿಯಾರದ ಮಾತು ನನ್ನ ಪಾಲಿನದು. ಸೆಲ್ ಸತ್ತಿತ್ತು, ಅದಕ್ಕೇ ಮೇನ್ ತೆಗೆದಾಗ ಗಡಿಯಾರ ನಿಲ್ಲುತ್ತಿತ್ತು ಎಂದು ವಿವರಿಸತೊಡಗಿದೆ. ಬಾಯಿ ನಡುವೆಯೇ ತಡೆದರು.

"ನನಗ ಗೊತ್ತೈತ್ರಿ ಅದು. ಆರು ತಿಂಗಳಾತು. ದಿನಾ ಮುಂಜಾನಿ ಹೋದಕೂಡ್ಲೆ ಮೊದಲ ಆ ಗಡಿಯಾರ ತಿದ್ದಿನ ನಾ ಕೆಲಸಕ್ಕ ಕೂಡಾಕಿ. ಶನಿವಾರ ವಿಂಡೋಸ್ ಬರಲಿಲ್ಲ, ತಿದ್ದಾಕ ಆಗಲಿಲ್ಲ."

"ಅಲ್ರೀ, ನಿನ್ನಿನ ಹೇಳಬೇಕಿಲ್ಲೇನು?" ಎಂದೆ.

"ನೀವು ಕೇಳಿದ್ರೇನು?" ಎಂದರು. ದನಿ 'ನೀರು ಬೇಕೇನು' ಎಂದು ಕೇಳಿದಷ್ಟೇ ಮೆತ್ತಗಿತ್ತು. "ಆರೂ ಹನ್ನೆರಡಕ್ಕ ಎಲ್ಲಿದ್ರಿ ಅಂದ್ರಿ, ಹೇಳಿದೆ. ಗಡಿಯಾರ ಹೆಂಗೈತಿ ಅಂತ ಯಾರ ಕೇಳಿದ್ರು? ಮಷೀನ್ ಸುಳ್ಳು ಹೇಳೂದಿಲ್ಲ ಅಂದ ಮ್ಯಾಲೆ ನಾ ಏನ್ ಹೇಳಲಿ? ತಾಸಗಟ್ಟಲೆ ಮಷೀನ್ ಕೇಳಿದ್ರಿ. ನನ್ನ ಒಮ್ಮೆ ಕೇಳಿದ್ರ ಆಗತಿತ್ತು."

ನಾನು ಕಿಸೆಯಿಂದ ಬನ್ನಿ ತೆಗೆದೆ. ಅವರು ಕೈ ಚಾಚಲಿಲ್ಲ. "ನಿಮ್ಮದು ಇರ್ಲಿ ಅಣ್ಣಾರ. ಮೊದಲ ಮಷೀನ್ ನೋಡೂಣು" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಎಲೆಗಳನ್ನು ಮತ್ತೆ ಕಿಸೆಗೆ ಹಾಕಿಕೊಂಡೆ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಸೋಮವಾರ ನನಗೆ ಧಾರವಾಡದಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ. ಬಾಯಿ ಬಂದರು, ಟೇಬಲ್ಲಿನ ಮೇಲಿದ್ದ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಮಷೀನ್ ಹಚ್ಚಿದರು. ಕೂತ ಕೂಡಲೇ ಕೈಗಡಿಯಾರ ನೋಡಿ ಪರದೆಯ ಮೂಲೆ ನೋಡಿದರು. ಎರಡೂ ಒಂದೇ ಇದ್ದವು. ಥೀಸಿಸ್ ತೆಗೆದು ಒಂದೊಂದು ಅಧ್ಯಾಯವನ್ನೂ ತಿರುವಿದರು. ಸರಿಯಿತ್ತು.

ಆಮೇಲೆ ಆ 'ಸ್ವಂತ'ದ ಹತ್ತಿರ ಬಂದು ನಿಂತರು.

"ಇದನ್ನ ತಗದು ನೋಡಿದ್ರೇನ್ರಿ?"

"ಇಲ್ರಿ" ಎಂದೆ.

ಅವರು ಆ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅದರ ವಿವರ ತೆರೆದರು. ಅಲ್ಲಿ ಏನಿರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಡತವನ್ನು ಕೊನೆಗೆ ಮುಟ್ಟಿದ ದಿನ ಎಂಬ ಸಾಲಿನಲ್ಲಿ ಭಾನುವಾರದ ತಾರೀಖು ಇತ್ತು. ಈ ಸಲ ಗಡಿಯಾರವೂ ಸರಿಯಿತ್ತು, ಹೊಸ ಸೆಲ್ ಹಾಕಿದವನು ನಾನೇ. ಭಾನುವಾರ ಅದನ್ನು ಮುಟ್ಟಿದವನೂ ನಾನೊಬ್ಬನೇ.

"ಅದು ನಕಲು ಮಾಡಿದ್ದಕ್ಕ ಹಂಗ ತೋರಸ್ತದ್ರಿ ಬಾಯಾರ" ಎಂದೆ. "ತಗೀದ ನಕಲು ಮಾಡಿದ್ರೂ ಆ ತಾರೀಖ ಬರ್ತೈತಿ. ನಾ ಖರೇನ ನೋಡಿಲ್ರಿ. ಬೇಕಾದ್ರ ಸರ್‌ನ್ನ ಕೇಳ್ರಿ." ಹೇಳುತ್ತ ಹೇಳುತ್ತ ನನ್ನ ದನಿಯೇ ನನಗೆ ಕಳ್ಳನ ದನಿಯ ಹಾಗೆ ಕೇಳಿಸಿತು. ನಾವೇನೂ ಮಾಡಿಲ್ರಿ ಎನ್ನುವ ಗಿರಾಕಿಗಳೆಲ್ಲ ಹೀಗೇ ತಡವರಿಸುತ್ತಿದ್ದರು, ನಾನು ಮುಗುಳ್ನಗುತ್ತ ಕೇಳುತ್ತಿದ್ದೆ.

ಬಾಯಿ ಸ್ವಲ್ಪ ಹೊತ್ತು ಆ ತಾರೀಖನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು. ವಿವರದ ಕಿಟಕಿ ಮುಚ್ಚಿದರು.

"ನಾ ನಿಮ್ಮನ್ನ ಕೇಳಿದೆ. ನೀವು ಇಲ್ಲ ಅಂದ್ರಿ. ಮುಗೀತ್ರಿ" ಎಂದರು. "ಮಷೀನ್ ಏನರ ಹೇಳ್ಕೋಲಿ."

ನನ್ನ ಕಣ್ಣು ತುಂಬಿಬಂತು. ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಬ್ಯಾಗಿಗೆ ಮುಖ ಹಾಕಿದೆ. ಅವರು ಐದನೇ ಅಧ್ಯಾಯದ ಉಳಿದ ಹಾಳೆಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಟೈಪ್ ಶುರು ಮಾಡುವ ಮೊದಲು, ತಿರುಗಿ ನೋಡದೆ, ಎಡಗೈ ಹಿಂದಕ್ಕೆ ಚಾಚಿ ಅಂಗೈ ಬಿಚ್ಚಿದರು.

"ಬನ್ನಿ ತಂದಿದ್ರೆಲ್ಲಾ ಅಣ್ಣಾರ. ಕೊಡ್ರಿ."

ಕಿಸೆಯಲ್ಲಿ ಎಲೆ ಒಣಗಿ ಪುಡಿಯಾಗಿತ್ತು. ಇದ್ದಷ್ಟನ್ನು ಬಳಿದು ಅವರ ಅಂಗೈಗೆ ಹಾಕಿದೆ. ಅದನ್ನು ಮಾನಿಟರಿನ ಮೇಲಿಟ್ಟು ಅವರು ಕೆಲಸಕ್ಕೆ ಕೂತರು.